ದಿವಾನ್ ಪೂರ್ಣಯ್ಯ
ಪೂರ್ಣಯ್ಯ (1746–1812) ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಆಳ್ವಿಕೆಯಲ್ಲಿ ಅಧಿಕಾರಿಯಾಗಿದ್ದು, 1799ರಿಂದ 1811ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದವರು.

1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ತನ್ನ ರಾಜ್ಯದ ಸುಮಾರು ಅರ್ಧಭಾಗವನ್ನು ಬಿಟ್ಟುಕೊಡಬೇಕಾಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿಯೂ ನಿಜಾಮನೂ ಸೀಮೆಗಳನ್ನು ಹಂಚಿಕೊಂಡು, ಉಳಿದದ್ದನ್ನು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಒಪ್ಪಿಸಿದರು. ವರ್ಷಕ್ಕೆ 7 ಲಕ್ಷ ವರಹ ಪೊಗದಿ ಸಲ್ಲಬೇಕು, ಹಣಕ್ಕೆ ಧಕ್ಕೆ ಬರುವಂತಿದ್ದರೆ ಕಂಪನಿ ಸೀಮೆಗಳನ್ನು ವಶಕ್ಕೆ ಪಡೆಯಬಹುದು ಎಂಬ ಷರತ್ತೂ ಇತ್ತು. ಬಾಲಕ ಅರಸನ ಪರವಾಗಿ ಆ ಹೊರೆಯನ್ನು ಹೊತ್ತವರು ಪೂರ್ಣಯ್ಯ.

ತುಂಗಭದ್ರೆಯ ದಡದ ಹರಿಹರ ಮೈಸೂರಿಗೆ ಸೇರಿದ್ದು ಇವರ ಕಾಲದಲ್ಲಿಯೇ. 1803ರ ಮಾರ್ಚ್‌ನಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಪುಣೆಯತ್ತ ಹೊರಟದ್ದು ಈ ಊರಿನಿಂದ. ಅದೇ ವರ್ಷದ ಕೊನೆಯಲ್ಲಿ ಆದ ಪೂರಕ ಒಪ್ಪಂದದಂತೆ ಮೈಸೂರು ಪುಂಗನೂರು, ವಯನಾಡು ಮೊದಲಾದ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟು ಹೊಳಲ್ಕೆರೆ, ಮಾಯಕೊಂಡ ಹಾಗೂ ಹರಿಹರವನ್ನು ಪಡೆಯಿತು. ದೂರದ ಸೀಮೆಗಳಿಗೆ ಬದಲಾಗಿ ಉತ್ತರದ ಗಡಿಯ ಈ ನೆಲ ದೊರೆತದ್ದು ಸಂಸ್ಥಾನಕ್ಕೆ ಅನುಕೂಲವೇ ಆಗಿತ್ತು; ಆ ಊರುಗಳ ರೈತರು ಮಾತ್ರ ಈ ವಿನಿಮಯದಲ್ಲಿ ಪಕ್ಷಗಾರರಾಗಿರಲಿಲ್ಲ.

1807ರಲ್ಲಿ ಪೂರ್ಣಯ್ಯನವರಿಗೆ ಯಳಂದೂರು ಜಹಗೀರಾಗಿ ದೊರೆಯಿತು. 1811ರಲ್ಲಿ ಅಧಿಕಾರ ಬಿಟ್ಟ ಅವರು ಮರುವರ್ಷ ಶ್ರೀರಂಗಪಟ್ಟಣದಲ್ಲಿ ನಿಧನರಾದರು. 1799ರ ಒಪ್ಪಂದವನ್ನೇ ಆಧಾರವಾಗಿಟ್ಟುಕೊಂಡು ಕಂಪನಿ 1831ರಲ್ಲಿ ಮೈಸೂರಿನ ಆಡಳಿತವನ್ನು ಕೈಗೆತ್ತಿಕೊಂಡಿತು. ಹರಿಹರದ ದಂಡು 1865ರವರೆಗೂ ಅಲ್ಲಿಯೇ ಇತ್ತು.