ರನ್ನನು ಕಂಡ ಮರುಳುಗಳು

ನೆತ್ತರು ಹೀರುವ ಪ್ರೇತವೊಂದು ಮನುಷ್ಯವೇಷದಲ್ಲಿ ನಮ್ಮ ನಡುವೆಯೇ ಬಾಳುತ್ತದೆಂಬ ಕಲ್ಪನೆ ಪಾಶ್ಚಾತ್ಯ ಭಯಾನಕ ಕಥೆಗಳಿಂದ ನಮಗೆ ಪರಿಚಿತವಾಗಿದೆ. 1819ರಲ್ಲಿ ಅಚ್ಚಾದ ಪಾಲಿಡೋರಿಯ ಕಥೆಯಲ್ಲಿ ಅಂಥವನು ಲಂಡನ್ನಿನ ಸಿರಿವಂತರ ಕೂಟಗಳಲ್ಲಿ ಸುಳಿದಾಡುವ ಪ್ರಭು. 1897ರಲ್ಲಿ ಬ್ರಾಮ್ ಸ್ಟೋಕರ್ ಸೃಷ್ಟಿಸಿದ ಡ್ರಾಕುಲಾ ಅದೇ ನಗರದ ಬಳಿ ಮನೆ ಕೊಂಡು ಬಂದು ನೆಲಸಲೆತ್ನಿಸುವವನು. ವಿದ್ಯಾರ್ಥಿಗಳು ಈ ಕಥೆಗಳನ್ನು ಕುತೂಹಲದಿಂದ ಓದುವುದನ್ನು ಕಂಡಾಗಲೆಲ್ಲ ನನಗೆ ನೆನಪಾಗುವವನು ಕವಿ ರನ್ನ. ನೆತ್ತರು ಕುಡಿಯುವ ಪ್ರೇತಗಳನ್ನು ಅವನೂ ಚಿತ್ರಿಸಿದ್ದಾನೆ. ಆದರೆ ಅವನ ಕಾವ್ಯದಲ್ಲಿ ಅಡಗಿ ಬಾಳುವವರು ಪ್ರೇತಗಳಲ್ಲ.

ರನ್ನನು ಹುಟ್ಟಿದುದು ಕ್ರಿ.ಶ. 949ರಲ್ಲಿ, ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಬಳೆಗಾರರ ಮನೆತನ, ಹಿಂಸೆಯನ್ನು ಮಹಾಪಾಪವೆಂದೆಣಿಸುವ ಜೈನಧರ್ಮ. ಕುಲದ ಕಸುಬನ್ನು ಬಿಟ್ಟು ವಿದ್ಯೆಯನ್ನರಸಿ ಈ ಹುಡುಗ ದಕ್ಷಿಣದ ಗಂಗರ ನಾಡಿಗೆ ನಡೆದ. ಅಜಿತಸೇನಾಚಾರ್ಯರು ಗುರುಗಳಾದರು, ಚಾವುಂಡರಾಯನು ಆಶ್ರಯವಿತ್ತನು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ಅವನ ಕವಿರತ್ನನೆಂಬ ಹೆಸರು ಇಂದಿಗೂ ಇದೆ.

973ರಲ್ಲಿ ರಾಷ್ಟ್ರಕೂಟರನ್ನು ಕೆಡವಿ ಚಾಲುಕ್ಯ ತೈಲಪನು ಪಟ್ಟವೇರಿದ್ದನು. ರನ್ನನು ತಾಯ್ನಾಡಿಗೆ ಮರಳಿ, ಸಾಮಂತರ ಮನ್ನಣೆಯಿಂದ ಮಂಡಲೇಶ್ವರರ ಮನ್ನಣೆಗೆ, ಅಲ್ಲಿಂದ ಚಕ್ರವರ್ತಿಯ ಆಸ್ಥಾನಕ್ಕೆ ಏರಿ, ಕವಿಚಕ್ರವರ್ತಿಯೆನಿಸಿದನು. ದಾನಚಿಂತಾಮಣಿ ಅತ್ತಿಮಬ್ಬೆಯ ಪ್ರೇರಣೆಯಿಂದ 993ರಲ್ಲಿ ಅಜಿತಪುರಾಣವನ್ನು ಮುಗಿಸಿದನು. ಮಗನಿಗೆ ರಾಯ, ಮಗಳಿಗೆ ಅತ್ತಿಮಬ್ಬೆ ಎಂದು ಹೆಸರಿಟ್ಟ. ಪೊರೆದವರನ್ನು ಮರೆಯದ ಕೃತಜ್ಞ ಜೀವ ಅದು.

ಆ ಕೃತಜ್ಞತೆಯೇ ಅವನಿಗೊಂದು ಇಕ್ಕಟ್ಟನ್ನೂ ತಂದಿತೆಂದು ನನ್ನ ಭಾವನೆ. ಗದಾಯುದ್ಧದಲ್ಲಿ ಅವನು ತೈಲಪನ ಮಗ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿದ. ಆ ಭೀಮನಾದರೋ ದುಶ್ಶಾಸನನ ಎದೆ ಬಗೆದು ನೆತ್ತರು ಕುಡಿದವನು. ಅಹಿಂಸೆಯ ಮನೆಯಲ್ಲಿ ಬೆಳೆದ ಕವಿ, ಅನ್ನವಿತ್ತ ದೊರೆಯನ್ನು ಹೊಗಳುವುದಕ್ಕಾಗಿ ಮನುಷ್ಯರಕ್ತವನ್ನು ಕುಡಿದವನನ್ನು ನಾಯಕನನ್ನಾಗಿ ನಿಲ್ಲಿಸಬೇಕಾಯಿತು.

ಈ ಇಕ್ಕಟ್ಟಿನ ನಡುವೆಯೇ ಅವನು ಮರುಳುಗಳನ್ನು ಕರೆತಂದ. ಎಲ್ಲರನ್ನೂ ಕಳೆದುಕೊಂಡ ದುರ್ಯೋಧನನು ಸಂಜಯನೊಡನೆ ಭೀಷ್ಮರನ್ನು ಕಾಣಲು ಹೆಣಗಳ ರಾಶಿಯ ನಡುವೆ ನಡೆಯುತ್ತಾನೆ. ಅಲ್ಲಿ ನೆತ್ತರು ಮಾಂಸಗಳ ಹಬ್ಬದಲ್ಲಿ ಮೈಮರೆತ ಮರುಳುಗಳು ಅರಸನನ್ನು ಕಂಡು ಅಣಕಿಸುತ್ತವೆ. ಕನ್ನಡದಲ್ಲಿ ಮರುಳೆಂದರೆ ಪಿಶಾಚಿಯೂ ಹೌದು, ಬುದ್ಧಿಗೆಟ್ಟವನೂ ಹೌದು. ಇಬ್ಬರಲ್ಲಿ ನಿಜವಾದ ಮರುಳು ಯಾರೆಂಬ ಪ್ರಶ್ನೆಯನ್ನು ಕವಿ ಈ ಒಂದೇ ಮಾತಿನಿಂದ ಎಬ್ಬಿಸುತ್ತಾನೆ. ಮರುಳುಗಳು ಬಯಲಿನಲ್ಲಿ ನಿಂತು, ಸತ್ತವರನ್ನಷ್ಟೇ ತಿನ್ನುತ್ತಿವೆ. ಅವಕ್ಕೆ ಆ ಔತಣವನ್ನು ಬಡಿಸಿದವನು ಕಿರೀಟ ಧರಿಸಿ ಅರಮನೆಯಲ್ಲಿ ಬಾಳಿದ ಮನುಷ್ಯ. ಹಾಗೆಂದು ರನ್ನನು ಅವನನ್ನು ದ್ವೇಷಿಸುವುದಿಲ್ಲ. ದ್ರೋಣ, ಅಭಿಮನ್ಯು, ಕರ್ಣರ ಹೆಣಗಳ ಮುಂದೆ ಅವನನ್ನು ಅಳಿಸಿ, ನಮ್ಮ ಕಣ್ಣಲ್ಲೂ ನೀರು ತರಿಸುತ್ತಾನೆ.

ರನ್ನನ ಕಾಲಕ್ಕೆ ಇಂಥ ರಣರಂಗ ಕೇವಲ ಕಲ್ಪನೆಯಾಗಿರಲಿಲ್ಲ. ಚೋಳರ ಸೇನೆ ನಾಡನ್ನು ಸೂರೆಗೊಂಡು, ಹೆಂಗಸರು ಮಕ್ಕಳನ್ನೂ ಬಿಡದೆ ಕೊಂದಿತೆಂದು ಸತ್ಯಾಶ್ರಯನ ಕಾಲದ, 1007ರ ಸುಮಾರಿನ ಹೊಟ್ಟೂರು ಶಾಸನ ಸಾರುತ್ತದೆ. ನಮ್ಮ ಚಿಗಟೇರಿಯ ಸೀಮೆಯೂ ಆಗ ಚಾಲುಕ್ಯರದೇ. ಹರಪನಹಳ್ಳಿಯ ಸಮೀಪದ ಬಾಗಳಿಯಲ್ಲಿ ತೈಲಪನ ಕಾಲದ ಕಲ್ಲೇಶ್ವರ ದೇಗುಲ ಇಂದಿಗೂ ನಿಂತಿದೆ. ಆ ಕಂಬಗಳ ನಡುವೆ ನಿಂತಾಗ ರನ್ನನ ಯುಗ ನನಗೆ ದೂರವೆನಿಸುವುದಿಲ್ಲ.

ರನ್ನನ ಕಡೆಯ ದಿನಗಳ ಕಥೆಯನ್ನು ಕಾಲ ನಮಗೆ ಉಳಿಸಿಕೊಟ್ಟಿಲ್ಲ, ಉಳಿದದ್ದು ಕಾವ್ಯ. ದೊರೆಯ ಬಿರುದುಗಳನ್ನು ಪಂಡಿತರಷ್ಟೇ ಬಲ್ಲರು, ಆದರೆ ಹೆಣಗಳ ನಡುವೆ ಒಂಟಿಯಾಗಿ ನಡೆಯುವ ಅರಸನನ್ನು ತರಗತಿಯ ಎಳೆಯರೂ ಮರೆಯಲಾರರು. ಬಳೆಗಾರನ ಮಗ ರಾಜಸಭೆಯಲ್ಲಿ ನಿಂತು, ದೊರೆಯನ್ನು ಹೊಗಳುತ್ತಲೇ, ಯುದ್ಧದ ನೆತ್ತರನ್ನು ಯಾರು ಕುಡಿಯುತ್ತಾರೆಂಬುದನ್ನೂ ಹೇಳಿಬಿಟ್ಟನು.