ಕೋಠಿಯ ಅಳಿಯ, ಸುರಪುರದ ಅಪ್ಪ: ಮೆಡೋಸ್ ಟೇಲರ್

ಕೋಠಿ ಎಂದೊಡನೆ ಹೈದರಾಬಾದಿನ ಕನ್ನಡ ಕುಟುಂಬಗಳಿಗೆ ನೆನಪಾಗುವುದು ಸುಲ್ತಾನ್ ಬಜಾರಿನ ಸೀರೆ ಅಂಗಡಿಗಳು ಮತ್ತು ಬಸ್ಸುಗಳ ಗದ್ದಲ. ನಮಗಾದರೋ ನೆನಪಾಗುವುದು ಹಳೆಯ ಪುಸ್ತಕಗಳ ಸಾಲು. ವಾರವೆಲ್ಲ ಅಂಕಿಗಳೊಡನೆ ಗುದ್ದಾಡಿ ದಣಿದ ತಲೆಗೆ ಶನಿವಾರದ ಸಂಜೆ ತತ್ತ್ವಶಾಸ್ತ್ರ ರುಚಿಸುವುದಿಲ್ಲ. ಕೋಟೆಗೆ ಲಗ್ಗೆ ಹಾಕುವ, ನಡುರಾತ್ರಿ ಹೊಳೆ ದಾಟುವ, ಶತ್ರುವಿನ ಪಾಳೆಯದಿಂದ ಕುದುರೆಯೇರಿ ತಪ್ಪಿಸಿಕೊಳ್ಳುವ ಕಥೆಗಳೇ ಬೇಕು. ಇಂಥ ಓದನ್ನು ಕಂಡು ಸಾಹಿತ್ಯಾಭಿರುಚಿಯ ಮಿತ್ರರು ಮೂಗು ಮುರಿಯುವುದುಂಟು. ಮುರಿಯಲಿ. ಯಾರಿಗೂ ಕೇಡಿಲ್ಲದ ಸುಖ ಇದು.

ಹಾಗೆ ಕೊಂಡು ತಂದ ಪುಸ್ತಕಗಳ ಪೈಕಿ ಒಂದು, ಕರ್ನಲ್ ಫಿಲಿಪ್ ಮೆಡೋಸ್ ಟೇಲರ್ ಅವರ ಟಿಪ್ಪು ಸುಲ್ತಾನನ ಕಾಲದ ಯುದ್ಧ ಕಾದಂಬರಿ. ಸುರಪುರ, ಯಾದಗಿರಿ, ಕಲಬುರಗಿ ಕಡೆಯ ಹಿರಿಯರಿಗೆ ಈ ಹೆಸರು ಹೊಸದಲ್ಲ. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಅವರು ಕಟ್ಟಿಸಿದ ಮನೆ. ಆದರೆ ಆ ಸಾಹೇಬರು ತಮ್ಮ ಕಾಲದ ಬಹು ಜನಪ್ರಿಯ ರೋಚಕ ಕಾದಂಬರಿಕಾರರಾಗಿದ್ದರೆಂಬುದು, ಅವರ ಬಾಳಿನ ಎಳೆಯೊಂದು ನಮ್ಮ ಕೋಠಿಗೇ ಗಂಟು ಬಿದ್ದಿತ್ತೆಂಬುದು ಹಲವರಿಗೆ ತಿಳಿದಿರಲಿಕ್ಕಿಲ್ಲ.

ಟೇಲರ್ ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ. ತಂದೆಯ ವ್ಯಾಪಾರ ಮುಳುಗಿದ್ದರಿಂದ ಹದಿನೈದರ ಹುಡುಗನನ್ನು 1824ರಲ್ಲಿ ಮುಂಬಯಿಯ ವರ್ತಕರೊಬ್ಬರ ಬಳಿ ಗುಮಾಸ್ತಿಕೆಗೆ ಕಳುಹಿಸಲಾಯಿತು. ಬಂದು ನೋಡಿದರೆ ಆ ಅಂಗಡಿಯೂ ಮುಳುಗುವ ಸ್ಥಿತಿಯಲ್ಲಿತ್ತು. ಬಂಧುವೊಬ್ಬರ ವಶೀಲಿಯಿಂದ ಅದೇ ವರ್ಷ ನಿಜಾಮರ ಸೈನ್ಯದಲ್ಲಿ ಅಧಿಕಾರಿಯ ಹುದ್ದೆ ಸಿಕ್ಕಿತು. ಓದು ಅರ್ಧಕ್ಕೇ ನಿಂತಿದ್ದ ಆ ಹುಡುಗ ಹಿಂದೂಸ್ತಾನಿ, ಪಾರಸಿ, ಮರಾಠಿ ಕಲಿತ. ಭೂಮಾಪನ, ಎಂಜಿನಿಯರಿಂಗ್, ಕಾನೂನು, ಸಸ್ಯಶಾಸ್ತ್ರಗಳನ್ನು ತಾನಾಗಿ ಅಭ್ಯಾಸ ಮಾಡಿದ. ಪೊಲೀಸ್ ಕೆಲಸದಲ್ಲಿದ್ದಾಗ ದಾರಿಗಳ್ಳರಾದ ಥಗ್ಗರ ಸುಳಿವು ಹಿಡಿಯುವಷ್ಟರಲ್ಲಿ ಸೈನ್ಯಕ್ಕೆ ವಾಪಸು ಕರೆ ಬಂತು. ಆ ರಹಸ್ಯ ತನ್ನ ಕೈತಪ್ಪಿತೆಂಬ ಕೊರಗು ಅವರಿಗೆ ಬಹುಕಾಲ ಉಳಿಯಿತು.

ಕೋಠಿಯ ಗಂಟು ಬಿದ್ದದ್ದು ಮದುವೆಯಿಂದ. ಕರ್ಕ್‌ಪ್ಯಾಟ್ರಿಕ್ ಕಟ್ಟಿಸಿದ, ಮುಂದೆ ಮಹಿಳಾ ಕಾಲೇಜಾಗಿ 2022ರಿಂದ ಮಹಿಳಾ ವಿಶ್ವವಿದ್ಯಾಲಯವಾಗಿರುವ ಬ್ರಿಟಿಷ್ ರೆಸಿಡೆನ್ಸಿಯ ಆಶ್ರಯದಲ್ಲಿ ವಿಲಿಯಂ ಪಾಮರ್ ಎಂಬುವರ ಸಾಹುಕಾರಿ ಕಂಪನಿ ನಡೆಯುತ್ತಿತ್ತು. ತಂದೆ ಇಂಗ್ಲಿಷ್ ಜನರಲ್, ತಾಯಿ ಉತ್ತರದ ಮುಸ್ಲಿಂ ಮನೆತನದ ಬೇಗಂ. ನಿಜಾಮರ ಸರ್ಕಾರಕ್ಕೆ ಅರವತ್ತು ಲಕ್ಷ ರೂಪಾಯಿ ಸಾಲ ಕೊಟ್ಟು, ರೆಸಿಡೆಂಟ್ ಮೆಟ್‌ಕಾಫರ ಕೆಂಗಣ್ಣಿಗೆ ಗುರಿಯಾಗಿ 1824ರಲ್ಲಿ ದಿವಾಳಿಯೆದ್ದ ಕಂಪನಿ ಅದು. ಬ್ಯಾಂಕಿನ ಅನ್ನ ಉಣ್ಣುವ ನಮಗೆ ಆ ಸಾಲದ ಕಥೆಯೇ ಒಂದು ರೋಚಕ ಕಾದಂಬರಿಯಂತೆ ಕಂಡರೆ ಆಶ್ಚರ್ಯವಿಲ್ಲ. ದಿವಾಳಿಯಾದರೂ ಪಾಮರ್ ಊರು ಬಿಡಲಿಲ್ಲ, 1867ರಲ್ಲಿ ಕಣ್ಣು ಮುಚ್ಚುವವರೆಗೆ ಇಲ್ಲಿಯವರಾಗಿಯೇ ಉಳಿದರು. ಅವರ ಮಗಳು ಮೇರಿಯನ್ನು ಟೇಲರ್ ವರಿಸಿದರು.

ಕಾಯಿಲೆಯಿಂದ ಮಲಗಿದ್ದ ದಿನಗಳಲ್ಲಿ ಟೇಲರ್ ಬರೆದ ಥಗ್ಗನ ತಪ್ಪೊಪ್ಪಿಗೆಯ ಕಾದಂಬರಿ 1839ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಂತು. ಏಳುನೂರಕ್ಕೂ ಮಿಕ್ಕಿ ಕೊಲೆ ಮಾಡಿದ ಅಮೀರ್ ಅಲಿ ತನ್ನ ಕಥೆಯನ್ನು ತಾನೇ ತಣ್ಣಗೆ ಹೇಳುತ್ತಾ ಹೋಗುವ ಪುಸ್ತಕ. ಅದರಲ್ಲಿ ನಮ್ಮ ಚಾರ್ಮಿನಾರೂ ಬರುತ್ತದೆ. ರಾಣಿ ವಿಕ್ಟೋರಿಯಾ ಪುಸ್ತಕ ಮುಗಿಯುವವರೆಗೆ ಕಾಯಲಾರದೆ ಅಚ್ಚಿನ ಕರಡುಗಳನ್ನೇ ತರಿಸಿಕೊಂಡು ಓದಿದರೆಂದು ಟೇಲರ್ ಹೇಳಿಕೊಂಡಿದ್ದಾರೆ. ಸಾಮ್ರಾಜ್ಞಿಗೇ ಈ ಚಟ ಇತ್ತೆಂದ ಮೇಲೆ ಮೂಗು ಮುರಿಯುವ ಮಿತ್ರರಿಗೆ ನಾವು ಬೇರೆ ಉತ್ತರ ಹುಡುಕಬೇಕಿಲ್ಲ.

ಮರುವರ್ಷ, 1840ರಲ್ಲಿ, ಟಿಪ್ಪು ಕಾದಂಬರಿ ಬಂತು. ಕಾಳಗದ ದೃಶ್ಯಗಳು ಕಣ್ಣಿಗೆ ಕಟ್ಟುತ್ತವೆ, ಪುಟಗಳು ತಾವಾಗಿ ಮಗುಚುತ್ತವೆ. ಆದರೆ ಟಿಪ್ಪುವಿನ ಚಿತ್ರಣದಲ್ಲಿ ಗೆದ್ದವರ ಕನ್ನಡಕವೇ ಎದ್ದು ಕಾಣುತ್ತದೆ. ಶ್ರೀರಂಗಪಟ್ಟಣದ ಕೋಟೆಗೋಡೆ ಒಡೆಯುವ ಕಡೆ ನಾವು ಯಾರ ಪಕ್ಷ ವಹಿಸಬೇಕೆಂದು ಲೇಖಕರು ಬಯಸಿದ್ದರೋ ಆ ಪಕ್ಷ ವಹಿಸಲು ನಮ್ಮಿಂದಾಗಲಿಲ್ಲ. ಓದು ಹಗುರವೆಂದುಕೊಂಡರೂ ಕೆಲವು ಪುಟಗಳು ಹೀಗೆ ಭಾರವಾಗುವುದುಂಟು.

ಅವರ ಬಾಳಿನ ತಿರುಳು ಮಾತ್ರ ಸುರಪುರದಲ್ಲಿದೆ. 1841ರಲ್ಲಿ ರಾಜಾ ಕೃಷ್ಣಪ್ಪನಾಯಕರು ತೀರಿಕೊಂಡಾಗ ಮಗ ವೆಂಕಟಪ್ಪನಾಯಕ ಏಳೆಂಟು ವರ್ಷದ ಬಾಲಕ. ಒಂದೆಡೆ ರಾಣಿ ಈಶ್ವರಮ್ಮ, ಇನ್ನೊಂದೆಡೆ ಆಡಳಿತದ ಮೇಲೆ ಕಣ್ಣಿಟ್ಟ ಬಂಧುಗಳು, ನಡುವೆ ಕತ್ತಿ ಹಿರಿದು ನಿಂತ ಬೇಡ ಪಡೆ. ರೆಸಿಡೆಂಟ್ ಫ್ರೇಸರ್ ಟೇಲರರನ್ನು ಅಲ್ಲಿಗೆ ಕಳುಹಿಸಿದರು. ಕಾಳಗವಿಲ್ಲದೆ ಜಗಳ ಬಗೆಹರಿಸಿ, 1853ರವರೆಗೆ ಅವರೇ ಸಂಸ್ಥಾನದ ಆಡಳಿತ ನಡೆಸಿದರು. ರಾಜನಕೋಳೂರಿನ ಶಿಲಾಸಮಾಧಿಗಳನ್ನು ಮೊದಲಿಗೆ ವಿದ್ವಾಂಸರ ಗಮನಕ್ಕೆ ತಂದವರಲ್ಲಿ ಅವರೂ ಒಬ್ಬರು. ಅದೇ ಅವಧಿಯಲ್ಲಿ, 1844ರಲ್ಲಿ, ಮೇರಿ ತೀರಿಕೊಂಡರು. ಬಾಲಕ ರಾಜ ಟೇಲರರನ್ನು ಅಪ್ಪಾ ಎಂದೇ ಕರೆಯುತ್ತಿದ್ದ. ಹುಡುಗ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಸಾಯುತ್ತಾನೆಂದು ಜಾತಕ ಹೇಳುತ್ತದೆಂಬ ಗುಟ್ಟನ್ನೂ ಅರಮನೆಯವರು ಅವರಿಗೆ ತಿಳಿಸಿದ್ದರು.

1857ರ ಜುಲೈ 17ರಂದು ತುರ್ರೆಬಾಜ್ ಖಾನ್ ಮತ್ತು ಮೌಲ್ವಿ ಅಲಾವುದ್ದೀನ್ ಕೋಠಿಯ ರೆಸಿಡೆನ್ಸಿಯ ಮೇಲೆ ಏರಿ ಬಂದರು. ಪುಸ್ತಕ ಕೊಳ್ಳಲು ನಾವು ಸುತ್ತಾಡುವ ಜಾಗದಲ್ಲೇ ಅಂದು ಗುಂಡು ಹಾರಿದವು. ಟೇಲರ್ ಆಗ ದೂರದ ಬೇರಾರಿನಲ್ಲಿದ್ದರು. ಮರುವರ್ಷ ಫೆಬ್ರವರಿಯಲ್ಲಿ ಸುರಪುರವೇ ಎದ್ದಿತು. ಕ್ಯಾಪ್ಟನ್ ನ್ಯೂಬೆರಿ ಸತ್ತರು, ಕೋಟೆ ಬಿದ್ದಿತು, ಯುವಕ ರಾಜ ಹೈದರಾಬಾದಿಗೆ ತಪ್ಪಿಸಿಕೊಂಡು ಬಂದು ಸೆರೆ ಸಿಕ್ಕ.

ಸೆರೆಮನೆಯಲ್ಲಿ ಅವನನ್ನು ಕಾಣಲು ಟೇಲರ್ ಹೋದರು. ಆ ಭೇಟಿಯನ್ನು ಅವರು ಆತ್ಮಕಥೆಯಲ್ಲಿ ವಿವರಿಸಿದ್ದಾರೆ. ರಾಜ ಪ್ರಾಣಭಿಕ್ಷೆ ಬೇಡಲಿಲ್ಲ. ಕಳ್ಳನಂತೆ ನೇಣಿಗೆ ಹಾಕದೆ ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ ಎಂದಷ್ಟೇ ಕೇಳಿಕೊಂಡ; ಸೆರೆವಾಸ, ಗಡೀಪಾರುಗಳನ್ನು ತನ್ನ ಬೇಡರಲ್ಲಿ ಕೀಳಾದವನೂ ಸಹಿಸಲಾರನೆಂದ. ಮರಣದಂಡನೆ ಮೊದಲು ಜೀವಾವಧಿ ಗಡೀಪಾರಾಗಿ, ಅನಂತರ ಚೆಂಗಲ್ಪಟ್ಟಿನ ಕೋಟೆಯಲ್ಲಿ ನಾಲ್ಕು ವರ್ಷದ ಸೆರೆಯಾಗಿ ಇಳಿಯಿತು. ಆದರೆ ಹೈದರಾಬಾದಿನಿಂದ ಹೊರಟ ಮೊದಲ ಬಿಡಾರದಲ್ಲೇ, ಬೆಂಗಾವಲಿನ ಅಧಿಕಾರಿಯ ರಿವಾಲ್ವರಿನಿಂದ ಗುಂಡು ಹಾರಿ ರಾಜ ಸತ್ತ. ತಾನೇ ಹಾರಿಸಿಕೊಂಡನೆಂದು ಟೇಲರ್ ಬರೆದಿದ್ದಾರೆ. ಜಾತಕ ಹೇಳಿದ ವಯಸ್ಸೇ ಅದು.

ಸುರಪುರದ ಆಡಳಿತಕ್ಕೆ ಮತ್ತೆ ಟೇಲರರನ್ನೇ ಕಳುಹಿಸಲಾಯಿತು. 1860ರಲ್ಲಿ ಬ್ರಿಟಿಷರು ಆ ಸೀಮೆಯನ್ನು ನಿಜಾಮರಿಗೆ ಒಪ್ಪಿಸಿದರು. ಸುರಪುರದ ಕನ್ನಡಿಗರಿಗೆ ಕಚೇರಿ, ಕೋರ್ಟು, ಓದಿಗೆಂದು ಹೈದರಾಬಾದಿನ ದಾರಿ ಹಿಡಿಯುವ ಪ್ರಸಂಗ ಬಂದದ್ದು ಅಲ್ಲಿಂದ ಮುಂದೆಯೇ. ಅದೇ ವರ್ಷ ಆರೋಗ್ಯ ಕೆಟ್ಟು ಟೇಲರ್ ಸ್ವದೇಶಕ್ಕೆ ಮರಳಿದರು.

ಅಲ್ಲಿ ಮತ್ತೆ ಲೇಖನಿ ಹಿಡಿದು, ಶಿವಾಜಿಯ ಉದಯದ 1657, ಪ್ಲಾಸಿಯ 1757, ದಂಗೆಯ 1857, ಹೀಗೆ ನೂರು ನೂರು ವರ್ಷಗಳ ಅಂತರದ ಮೂರು ಕಾದಂಬರಿ ಬರೆದರು: ತಾರಾ, ರಾಲ್ಫ್ ಡಾರ್ನೆಲ್, ಸೀತಾ. ದಂಗೆಯ ಕಾದಂಬರಿ ಬರೆಯುವಾಗಲೂ ವೆಂಕಟಪ್ಪನಾಯಕನ ಕಥೆಯನ್ನು ಅವರು ಅದರ ವಸ್ತುವಾಗಿಸಲಿಲ್ಲ. ಕೋಟೆ, ಮುತ್ತಿಗೆ, ಪಲಾಯನ, ಜಾತಕ, ರಿವಾಲ್ವರ್ ಎಲ್ಲವೂ ಅದರಲ್ಲಿದ್ದವು, ಪ್ರಕಾಶಕರು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅದನ್ನು ಅವರು ಆತ್ಮಕಥೆಗೆ, ತಮ್ಮ ಮಾತಿನಲ್ಲಿ ನೇರವಾಗಿ ಹೇಳುವುದಕ್ಕೆ, ಉಳಿಸಿಕೊಂಡರು.

1875ರಲ್ಲಿ ಕಣ್ಣಿನ ದೃಷ್ಟಿ ಕುಂದಿದ್ದ ಟೇಲರ್ ಸಾಲಾರ್ ಜಂಗರ ಆಹ್ವಾನದ ಮೇರೆಗೆ ಕೊನೆಯ ಬಾರಿ ಹೈದರಾಬಾದಿಗೆ ಬಂದರು. ಜ್ವರ ಹಿಡಿದು, ಹಿಂದಿರುಗುವ ದಾರಿಯಲ್ಲಿ ಫ್ರಾನ್ಸಿನ ಮೆಂತೋನ್ ಎಂಬಲ್ಲಿ 1876ರ ಮೇ 13ರಂದು ತೀರಿಕೊಂಡರು. ಮಗಳು ಆಲಿಸ್ ಸಿದ್ಧಪಡಿಸಿದ ಆತ್ಮಕಥೆ ಮರುವರ್ಷ ಪ್ರಕಟವಾಯಿತು. ಚಾಂದಬೀಬಿಯ ಮೇಲಿನ ಕೊನೆಯ ಕಾದಂಬರಿ 1878ರಲ್ಲಿ. ಅದು ಆರಂಭವಾಗುವುದು ಬಿಜಾಪುರದಲ್ಲೂ ಅಲ್ಲ, ಅಹ್ಮದನಗರದಲ್ಲೂ ಅಲ್ಲ. ಸುರಪುರದ ಸೀಮೆಯ ಕೃಷ್ಣಾ ತೀರದಲ್ಲಿ. ಅದನ್ನು ನಾವು ಓದಿದ್ದು ಗಣಕಯಂತ್ರದ ಪರದೆಯ ಮೇಲೆ. ಕೈಯಲ್ಲಿ ಹಿಡಿದು ಓದುವ ಪ್ರತಿಯೊಂದಕ್ಕಾಗಿ ಕೋಠಿಯ ಹಳೆಯ ಪುಸ್ತಕದವರಿಗೆಲ್ಲ ಹೇಳಿಟ್ಟಿದ್ದೇವೆ; ಇನ್ನೂ ಸಿಕ್ಕಿಲ್ಲ.