829 ತಲೆಬುರುಡೆಗಳ ಸಾಕ್ಷ್ಯ

ಎಂ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ನಾನು ಆರಿಸಿಕೊಂಡ ವಿಷಯ ಕರಡಿಯ ಮಲ. ಅನುಮತಿ ಪಡೆದು ಸಂಡೂರು ಕಡೆಯ ಕುರುಚಲು ಗುಡ್ಡಗಳಲ್ಲಿ ಅದನ್ನು ಹುಡುಕಿ ತರುವುದು, ಒಣಗಿಸಿ, ನೆನೆಸಿ, ಜರಡಿಯಲ್ಲಿ ತೊಳೆಯುವುದು. ಗೆದ್ದಲಿನ ತಲೆ ಎಷ್ಟು, ಇರುವೆ ಎಷ್ಟು, ಬಾರೆಹಣ್ಣಿನ ಬೀಜ ಎಷ್ಟು ಎಂದು ಎಣಿಸುವುದು. ಆ ಜರಡಿಯನ್ನು ಅವ್ವ ಹಿತ್ತಲು ದಾಟಿ ಒಳಗೆ ತರಗೊಡಲಿಲ್ಲ. ಇದನ್ನು ಓದಿದವರಿಗೆ ಯಾರು ನೌಕರಿ ಕೊಡುತ್ತಾರೆ ಎಂದು ದೊಡ್ಡಪ್ಪ ಊಟಕ್ಕೆ ಕುಳಿತಾಗಲೆಲ್ಲ ಕೇಳುತ್ತಿದ್ದರು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಉತ್ತರ ನನಗೂ ಗೊತ್ತಿರಲಿಲ್ಲ.

ಆ ದಿನಗಳಲ್ಲಿ ನಮ್ಮ ಗೈಡ್ ಸರ್ ಒಂದು ಹಳೆಯ ವರದಿಯನ್ನು ಓದಲು ಕೊಟ್ಟರು. ಅಮೆರಿಕದ ವನ್ಯಜೀವಿ ವಿಜ್ಞಾನಿ ಅಡಾಲ್ಫ್ ಮ್ಯೂರಿ ನನಗೆ ಪರಿಚಯವಾದದ್ದು ಹಾಗೆ.

ಮ್ಯೂರಿ ಹುಟ್ಟಿದ್ದು 1899ರಲ್ಲಿ, ಮಿನ್ನೆಸೋಟ ರಾಜ್ಯದ ಮೂರ್‌ಹೆಡ್‌ನಲ್ಲಿ. ನಾರ್ವೆಯಿಂದ ವಲಸೆ ಬಂದ ಕುಟುಂಬ. ಹತ್ತು ವರ್ಷ ದೊಡ್ಡವನಾದ ಅಣ್ಣ ಓಲಾಸ್ ಆಗಲೇ ಅಲಾಸ್ಕಾದಲ್ಲಿ ಕ್ಯಾರಿಬೂ ಜಿಂಕೆಗಳ ಅಧ್ಯಯನಕ್ಕೆ ಇಳಿದಿದ್ದ. 1922ರಲ್ಲಿ ತಮ್ಮನೂ ಅಲ್ಲಿಗೆ ಹೋದ. ನಾಯಿ ಎಳೆಯುವ ಜಾರುಬಂಡಿ, ಮೈಲುಗಟ್ಟಲೆ ಹಿಮ, ಡೇರೆಯ ವಾಸ. ಗ್ರಿಜ್ಲಿ ಕರಡಿಗಳನ್ನು ಅವರು ನೋಡತೊಡಗಿದ್ದೂ ಆಗಲೇ. ಹಿಂದಿರುಗಿ ಪದವಿ ಮುಗಿಸಿದರು, 1929ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. ಮುಂದೆ ತೋಳ, ಕರಡಿಗಳಿಂದ ಹೆಸರಾದ ಈ ಮನುಷ್ಯ ಡಾಕ್ಟರೇಟ್ ಮಾಡಿದ್ದು ಇಲಿಗಳ ಮೇಲೆ! ಇದನ್ನು ನಾನು ದೊಡ್ಡಪ್ಪನಿಗೆ ಹೇಳಲಿಲ್ಲ.

ಪಿಎಚ್.ಡಿ. ಮುಗಿದೊಡನೆ ಸುಪೀರಿಯರ್ ಸರೋವರದ ನಡುವಿನ ಐಲ್ ರಾಯಲ್ ದ್ವೀಪಕ್ಕೆ ಹೋದರು. ಅಲ್ಲಿ ಮೂಸ್ ಎಂಬ ದೈತ್ಯ ಜಿಂಕೆಗಳು ತುಂಬಿಹೋಗಿದ್ದವು. ಕೊಲ್ಲುವ ಪ್ರಾಣಿ ಇಲ್ಲ, ಬೇಟೆಗಾರರ ಕಾಟವೂ ಇಲ್ಲ. ನೋಡುವವರಿಗೆ ಅದು ಸುಭಿಕ್ಷ. ಮ್ಯೂರಿಯ ಕಣ್ಣು ಹೋದದ್ದು ಗಿಡಗಳ ಕಡೆಗೆ. ಎಟಕುವ ಚಿಗುರನ್ನೆಲ್ಲ ಮೂಸ್‌ಗಳು ಮೇದು ಮುಗಿಸುತ್ತಿದ್ದವು. ಹೀಗೇ ಬಿಟ್ಟರೆ ಹಸಿವು, ರೋಗದಿಂದ ಸಾಮೂಹಿಕವಾಗಿ ಸಾಯುತ್ತವೆ ಎಂದು ಅವರು ಎಚ್ಚರಿಸಿದರು. ಕೆಲವೇ ವರ್ಷಗಳಲ್ಲಿ ಆದದ್ದೂ ಅದೇ.

1934ರಲ್ಲಿ ರಾಷ್ಟ್ರೀಯ ಉದ್ಯಾನಗಳ ಇಲಾಖೆ ಸೇರಿದರು. ನನ್ನ ಜರಡಿಗೆ ನೆಂಟಸ್ತಿಕೆ ಸಿಕ್ಕಿದ್ದು ಇಲ್ಲಿಂದ. ಯೆಲ್ಲೋಸ್ಟೋನ್‌ನಲ್ಲಿ ನಮ್ಮ ನರಿಯ ಬಳಗದ ಕಯೋಟಿಗಳಿವೆ. ಜಿಂಕೆ, ಎಲ್ಕ್‌ಗಳನ್ನೆಲ್ಲ ಅವು ತಿಂದು ಮುಗಿಸುತ್ತಿವೆ, ಕೊಲ್ಲಬೇಕು ಎಂಬ ಕೂಗೆದ್ದಿತ್ತು. ಮ್ಯೂರಿ 1937ರಿಂದ 1939ರವರೆಗೆ ಅಲ್ಲಿ ಕಯೋಟಿ ಮಲ ಸಂಗ್ರಹಿಸಿದರು. ಐದು ಸಾವಿರಕ್ಕೂ ಹೆಚ್ಚು ಮಾದರಿಗಳು! ನಾನು ಅರವತ್ತಕ್ಕೇ ಸುಸ್ತಾಗಿದ್ದೆ. ಅವರಿಗೆ ಸಿಕ್ಕಿದ್ದು ಬಹುಪಾಲು ಇಲಿ, ಹೆಗ್ಗಣದಂಥ ಸಣ್ಣ ಪ್ರಾಣಿಗಳ ಕೂದಲು, ಮೂಳೆ. ಎಲ್ಕ್‌ನ ಅಂಶವೂ ಸಾಕಷ್ಟಿತ್ತು, ಆದರೆ ಅದರಲ್ಲಿ ಹೆಚ್ಚಿನದು ಚಳಿಗಾಲದಲ್ಲಿ ತಾವಾಗಿ ಸತ್ತ ಪ್ರಾಣಿಗಳದ್ದು. ಕಯೋಟಿಗಳನ್ನು ಕೊಲ್ಲಲು ಕಾರಣ ಕಾಣುತ್ತಿಲ್ಲ ಎಂದು ಬರೆದರು. ಇಲಾಖೆಯ ಕೆಲವು ಹಿರಿಯರಿಗೆ ಇದು ಹಿಡಿಸಲಿಲ್ಲ. ಸಂಬಳ ಕೊಡುವವರು ಬಯಸಿದ ಉತ್ತರ ಬರಲಿಲ್ಲವಲ್ಲ.

ಅದೇ 1939ರಲ್ಲಿ ಅವರನ್ನು ಅಲಾಸ್ಕಾದ ಮೌಂಟ್ ಮೆಕಿನ್ಲೆ ಉದ್ಯಾನಕ್ಕೆ ಕಳುಹಿಸಿದರು. ಇಂದು ಡೆನಾಲಿ ಎಂದು ಕರೆಯುವುದು ಇದನ್ನೇ. ಇಲ್ಲಿನ ತಕರಾರು ಇನ್ನೂ ದೊಡ್ಡದು. ಡಾಲ್ ಕುರಿ ಎಂಬ ಬಿಳಿಯ ಬೆಟ್ಟದ ಕುರಿಗಳು ಸಾವಿರಗಟ್ಟಲೆ ಇದ್ದವು, ಹತ್ತೇ ವರ್ಷಗಳಲ್ಲಿ ಬಹಳ ಕಡಿಮೆಯಾಗಿದ್ದವು. ತಪ್ಪೆಲ್ಲ ತೋಳದ್ದು ಎಂದು ಬೇಟೆಗಾರರ ಸಂಘಗಳು ಪಟ್ಟು ಹಿಡಿದಿದ್ದವು.

ಮೊದಲ ವರ್ಷವೇ ಮ್ಯೂರಿ ಅಲ್ಲಿ ನಡೆದದ್ದು ಸುಮಾರು 1,700 ಮೈಲಿ. ತೋಳದ ಗೂಡಿನೆದುರಿನ ಗುಡ್ಡದಲ್ಲಿ ಕುಳಿತು ರಾತ್ರಿಯೆಲ್ಲ ನೋಡಿದರು. ಮರಿಗಳನ್ನು ತಾಯಿಯೊಂದೇ ಅಲ್ಲ, ಗುಂಪಿನ ಉಳಿದ ತೋಳಗಳೂ ಸಾಕುತ್ತವೆ ಎಂಬುದನ್ನು ದಾಖಲಿಸಿದರು. ಒಂದು ಹೆಣ್ಣು ಮರಿಯನ್ನು ತಂದು ಮನೆಯಲ್ಲೇ ಬೆಳೆಸಿದರು. ಹೆಂಡತಿ ಲೂಯಿಸ್, ಪುಟ್ಟ ಮಗಳು ಕಾಡಿನ ಮರದ ಮನೆಯಲ್ಲಿ ಜೊತೆಗಿದ್ದರು. ಇದೆಲ್ಲ ಓದಲು ಚೆಂದ. ಆದರೆ ವಾದವನ್ನು ಗೆದ್ದದ್ದು ತಲೆಬುರುಡೆಗಳು.

ಬೆಟ್ಟದಲ್ಲಿ ಬಿದ್ದಿದ್ದ ಸತ್ತ ಕುರಿಗಳ ಬುರುಡೆಗಳನ್ನು ಮ್ಯೂರಿ ಹುಡುಕಿ ದಾಖಲಿಸಿದರು. ಒಟ್ಟು 829. ಕುರಿಯ ಕೊಂಬಿನಲ್ಲಿ ವರ್ಷಕ್ಕೊಂದು ಉಂಗುರ ಮೂಡುತ್ತದೆ, ಎಣಿಸಿದರೆ ಸಾಯುವಾಗಿನ ವಯಸ್ಸು ಸಿಗುತ್ತದೆ. ಹಲ್ಲು, ದವಡೆ ನೋಡಿದರೆ ಆರೋಗ್ಯವೂ ತಿಳಿಯುತ್ತದೆ. ಸತ್ತವುಗಳಲ್ಲಿ ಹೆಚ್ಚಿನವು ಒಂದೋ ಎಳೆಯವು, ಇಲ್ಲವೇ ಮುದಿ ಕುರಿಗಳು. ಹಲವುಗಳ ದವಡೆಮೂಳೆ ಕೊಳೆತು ಹಲ್ಲು ಉದುರಿದ್ದವು. ಮೇಯಲಾಗದ ಕುರಿ ಸೊರಗುತ್ತದೆ, ಸೊರಗಿದ್ದು ಓಡಲಾರದು. ಗಟ್ಟಿಮುಟ್ಟಾದ ನಡುವಯಸ್ಸಿನ ಕುರಿಗಳ ಬುರುಡೆ ಕಡಿಮೆ. ಸಂಖ್ಯೆ ಕುಸಿಯಲು 1930ರ ಆಸುಪಾಸಿನ ಒಂದೆರಡು ಭೀಕರ ಹಿಮಪಾತದ ಚಳಿಗಾಲಗಳು ದೊಡ್ಡ ಕಾರಣ ಎಂದೂ ತೋರಿಸಿದರು. ತೋಳ ಕುರಿ ತಿನ್ನುವುದಿಲ್ಲವೆಂದು ಅವರು ಹೇಳಲಿಲ್ಲ, ಯಾವ ಕುರಿಯನ್ನು ತಿನ್ನುತ್ತದೆ ಎಂದು ಹೇಳಿದರು. 1944ರಲ್ಲಿ ಪ್ರಕಟವಾದ ಆ ವರದಿಯನ್ನೇ ಸರ್ ನನಗೆ ಕೊಟ್ಟದ್ದು.

ಇಲ್ಲಿಗೆ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! 1945ರ ಹೊತ್ತಿಗೆ ಕುರಿಗಳ ಸಂಖ್ಯೆ ಸುಮಾರು 500ಕ್ಕೆ ಇಳಿಯಿತು. ತೋಳಗಳನ್ನು ಕೊಲ್ಲಲೇಬೇಕೆಂಬ ಮಸೂದೆ ಅಮೆರಿಕದ ಸಂಸತ್ತಿಗೂ ಬಂತು. ಆಗ ಇದೇ ಮ್ಯೂರಿ ಹತ್ತು ಹದಿನೈದು ತೋಳಗಳನ್ನು ತೆಗೆಯಬಹುದೆಂದು ಶಿಫಾರಸು ಮಾಡಿದರು. ಆ ಹೊಣೆ ಮುಂದೆ ಕೆಲಕಾಲ ಅವರ ಹೆಗಲಿಗೇ ಬಿತ್ತು. ಮೊದಲ ಸಲ ಓದಿದಾಗ ನನಗೆ ಸಿಟ್ಟೇ ಬಂತು. ಬುರುಡೆಗಳ ಸಾಕ್ಷ್ಯ ಎಲ್ಲಿ ಹೋಯಿತು? ಆಮೇಲೆ ಯೋಚಿಸಿದೆ. ಕಡ್ಡಾಯದ ಕಾನೂನು ಬಂದಿದ್ದರೆ ಇಡೀ ಗುಂಪೇ ಅಳಿಯುವ ಸಾಧ್ಯತೆಯಿತ್ತು. ಕುರಿ 500ಕ್ಕೆ ಇಳಿದದ್ದೂ ಸುಳ್ಳಲ್ಲ. ಮಸೂದೆ ಕಾನೂನಾಗಲಿಲ್ಲ. ಕೊಲ್ಲುವ ಕೆಲಸ 1952ಕ್ಕೆ ನಿಂತಿತು, ತೋಳಗಳು ಉಳಿದವು. ಆದರೂ ಆ ಶಿಫಾರಸಿಗೆ ಸಹಿ ಹಾಕಿದ ರಾತ್ರಿ ಅವರಿಗೆ ನಿದ್ದೆ ಬಂದಿತ್ತೇ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಕೊನೆಯ ವರ್ಷಗಳು ಕರಡಿಗಳವು. 1960ರ ಸುಮಾರಿಗೆ ಯೆಲ್ಲೋಸ್ಟೋನ್‌ನಲ್ಲಿ ಕರಡಿಗೆ ಅರಿವಳಿಕೆ ಕೊಟ್ಟು ಕೊರಳಿಗೆ ರೇಡಿಯೊ ಪಟ್ಟಿ ಕಟ್ಟುವ ಹೊಸ ವಿಧಾನ ಶುರುವಾಗಿತ್ತು. ಮ್ಯೂರಿಗೆ ಅದು ಒಗ್ಗಲಿಲ್ಲ. ಬೈನಾಕ್ಯುಲರ್ ಹಿಡಿದು ಮೈಬಣ್ಣ, ಗುರುತುಗಳಿಂದಲೇ ಒಂದೊಂದು ಕರಡಿಯನ್ನು ಗುರುತಿಸುತ್ತಿದ್ದರು. ಈ ವಿಷಯದಲ್ಲಿ ನಾನು ಪೂರ್ತಿ ಅವರ ಕಡೆಯಲ್ಲ. ಪಟ್ಟಿಯಿಂದ ತಿಳಿದ ಎಷ್ಟೋ ಸಂಗತಿ ಕಣ್ಣಿಗೆ ಸಿಗುವಂಥದ್ದಲ್ಲ. ಆದರೆ ಬೇಸಿಗೆ ಬೇಸಿಗೆಯೂ ನೋಡಿ ಅವರು ಬರೆದಿಟ್ಟ ಕರಡಿಯ ಊಟದ ಪಟ್ಟಿಗೆ ಸಾಟಿಯಿಲ್ಲ: ವಸಂತದಲ್ಲಿ ಅಗೆದು ತಿನ್ನುವ ಬೇರು, ಜೂನ್‌ನಲ್ಲಿ ಹಸಿರು ಹುಲ್ಲು, ಜುಲೈ ಕೊನೆಯಿಂದ ಕಾಡುಹಣ್ಣು, ನಡುನಡುವೆ ನೆಲದ ಅಳಿಲು, ಸತ್ತ ಪ್ರಾಣಿಯ ಮಾಂಸ. ಗ್ರಿಜ್ಲಿ ಎಂದರೆ ರಕ್ತದಾಹಿ ಎಂದುಕೊಂಡಿದ್ದ ನನಗೆ ಅದು ವರ್ಷದ ಬಹುಕಾಲ ದನದಂತೆ ಮೇಯುತ್ತದೆ ಎಂದು ತಿಳಿದದ್ದು ಹೀಗೆ.

ಉದ್ಯಾನದ ರಸ್ತೆಯನ್ನು ಅಗಲ ಮಾಡಿ ಡಾಂಬರು ಹಾಕುವ ಯೋಜನೆಯನ್ನೂ ಮ್ಯೂರಿ ವಿರೋಧಿಸಿದರು. ಮೊದಲ 15 ಮೈಲಿಯ ನಂತರ ಆ ರಸ್ತೆ ಇವತ್ತಿಗೂ ಜಲ್ಲಿಯದ್ದೇ.

1974ರಲ್ಲಿ ಅವರು ತೀರಿಕೊಂಡಾಗ ಕರಡಿಗಳ ಪುಸ್ತಕ ಇನ್ನೂ ಅಚ್ಚಾಗಿರಲಿಲ್ಲ. ಅದು ಹೊರಬಂದದ್ದು 1981ರಲ್ಲಿ. ಮೊಬೈಲಿನಲ್ಲಿ ಅದನ್ನು ಓದುತ್ತ ಕುಳಿತಿದ್ದಾಗ, ಕರಡಿ ಹುಲ್ಲು ಮೇಯುತ್ತದಂತೆ ಎಂದು ದೊಡ್ಡಪ್ಪನಿಗೆ ಹೇಳಿದೆ. ಅವರು ನಂಬಲಿಲ್ಲ. ಮರುದಿನ ಹಿತ್ತಲಿಗೆ ಬಂದು, ನಮ್ಮ ಕರಡಿ ಏನು ತಿಂದಿದೆ ಎಂದು ಜರಡಿಯನ್ನು ಬಗ್ಗಿ ನೋಡಿದರು. ಬಾರೆಬೀಜ ಎಣಿಸಿ ಕೊಟ್ಟರು: ನಲವತ್ತೊಂದು.